“ಬೇರೆ ಏನು ಮಾತ್ರೆ ತಗೊಳ್ತೀರಿ?” ಅಂತ ಕೇಳಿದರೆ ಸಾಕಾಗುವುದಿಲ್ಲ

ಗೋಣಿಕೊಪ್ಪಲಿನ ಒಂದು ಮೆಡಿಕಲ್ಸ್‌ನಲ್ಲಿ ನಾನು ಫಾರ್ಮಸಿಸ್ಟ್. ಪೊನ್ನಂಪೇಟೆ, ಬಾಳೆಲೆ, ಶ್ರೀಮಂಗಲ, ಕುಟ್ಟ, ತಿತಿಮತಿ ಕಡೆಯವರು ಪೇಟೆಗೆ ಬಂದಾಗ ನಮ್ಮಲ್ಲೇ ಮಾತ್ರೆ ತಗೊಂಡು ಹೋಗುತ್ತಾರೆ. ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆಗಳು ಈಗ ನಮ್ಮ ಕೌಂಟರಿನಲ್ಲಿ ದಿನವೂ ಹೋಗುತ್ತವೆ. ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್, ಸ್ವಲ್ಪ ಕಡಿಮೆ ಮಟ್ಟಿಗೆ ವೆನ್‌ಲಾಫ್ಯಾಕ್ಸಿನ್, ಮಿರ್ಟಾಜಪಿನ್. ಈ ಮಾತ್ರೆಗಳಿಂದ ಎಷ್ಟೋ ಜನ ಮತ್ತೆ ಎದ್ದು ಕೂತು, ತೋಟಕ್ಕೆ ಹೋಗಿ, ಮಕ್ಕಳ ಜೊತೆ ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಕೆಳಗೆ ಬರೆದದ್ದನ್ನು ಓದಿ ಯಾರೂ ಹೆದರಿ ಮಾತ್ರೆ ಬಿಡಬೇಡಿ. ನಾನು ಹೇಳಬೇಕೆಂದಿರುವುದು ಇದರ ಪಕ್ಕದಲ್ಲಿ ಕೂರುವ ಬೇರೆ ಮಾತ್ರೆಗಳ ಬಗ್ಗೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಎಲ್ಲರನ್ನೂ ಕೇಳುತ್ತಿದ್ದದ್ದು ಓದುವಾಗ ಕಲಿಸಿದ ಪ್ರಶ್ನೆಯನ್ನೇ. “ಬೇರೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?” ಉತ್ತರವೂ ಒಂದೇ. “ಏನಿಲ್ಲಕ್ಕ.” ಸುಳ್ಳಲ್ಲ ಅದು. ಗ್ಯಾಸಿನ ಕ್ಯಾಪ್ಸೂಲ್, ಮಂಡಿನೋವಿಗೆ ನುಂಗುವ ಗುಳಿಗೆ, ಕೆಮ್ಮಿನ ಸಿರಪ್, ಇವೆಲ್ಲ ಜನರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಹತ್ತು ವರ್ಷದಿಂದ ನುಂಗುವ ಬಿಪಿ ಮಾತ್ರೆ ಊಟದ ಹಾಗೆ ಅಭ್ಯಾಸವಾಗಿ ಹೋಗಿರುತ್ತದೆ, ಅದೂ ನೆನಪಿಗೆ ಬರುವುದಿಲ್ಲ. ಮೇಲಾಗಿ ನಮ್ಮ ಕಡೆ ಒಬ್ಬರದೇ ಡಬ್ಬಿಯಲ್ಲಿ ಮೂರು ಊರಿನ ಡಾಕ್ಟರ ಚೀಟಿ ಇರುತ್ತದೆ. ಹೃದಯಕ್ಕೆ ಮೈಸೂರು, ಮನಸ್ಸಿಗೆ ಮಡಿಕೇರಿ, ಮೂಳೆಗೆ ಕುಟ್ಟದಿಂದ ಹತ್ತಿರ ಅಂತ ಮಾನಂದವಾಡಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮೂರೂ ಚೀಟಿ ಒಟ್ಟಿಗೆ ಸೇರುವ ಜಾಗ ಅಂದರೆ ನಮ್ಮ ಕೌಂಟರ್.

ಈಗ ನಾನು ಮಾತ್ರೆ ಅನ್ನುವ ಶಬ್ದವನ್ನೇ ಎತ್ತುವುದಿಲ್ಲ. ಕಾಯಿಲೆಯ ಹೆಸರು ಹಿಡಿದು ಕೇಳುತ್ತೇನೆ. “ಸೊಂಟ, ಮಂಡಿ ನೋಯ್ತದಾ? ಆಗ ಏನು ಮಾಡ್ತೀರಿ? ಬಿಪಿ ಇದೆಯಾ? ಗ್ಯಾಸ್ ಆಗ್ತದಾ? ಕೆಮ್ಮು? ತಲೆನೋವು? ರಾತ್ರಿ ನಿದ್ದೆ ಬರ್ತದಾ?” ಹೀಗೆ ಕೇಳಿದಾಗ ಒಂದೊಂದೇ ಹೊರಗೆ ಬರುತ್ತದೆ. “ಏನಿಲ್ಲ” ಅಂದವರ ಬ್ಯಾಗಿನಿಂದಲೇ ನಾಲ್ಕು ಸ್ಟ್ರಿಪ್ ಬರುವುದುಂಟು.

ಮಳೆಗಾಲ ಇದಕ್ಕೆ ಅತಿ ಕಷ್ಟದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಸೂರ್ಯ ಕಾಣುವುದೇ ಅಪರೂಪ. ಮನಸ್ಸು ಕುಗ್ಗುವುದೂ ಆಗಲೇ. ಅದೇ ಚಳಿಗೆ ಮಂಡಿ ಹಿಡಿಯುತ್ತದೆ, ಎಲ್ಲರ ಮನೆಯಲ್ಲೂ ಕೆಮ್ಮು. ಎಸಿಟಲೋಪ್ರಾಮ್, ಡೈಕ್ಲೋಫೆನಾಕ್, ಕೆಮ್ಮಿನ ಸಿರಪ್ ಮೂರೂ ಒಂದೇ ಕವರಿನಲ್ಲಿ ಹೋಗುವುದು ಇಂಥ ತಿಂಗಳುಗಳಲ್ಲೇ.

ಮೊದಲು ನೋವಿನ ಮಾತ್ರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸಲು ಪ್ಲೇಟ್‌ಲೆಟ್‌ಗಳಿಗೆ ಸಿರೊಟೋನಿನ್ ಅನ್ನುವ ರಾಸಾಯನಿಕ ಸಹಾಯ ಮಾಡುತ್ತದೆ. ಅದನ್ನು ಅವು ತಾವೇ ತಯಾರಿಸಲಾರವು, ರಕ್ತದಿಂದ ಹೀರಿಕೊಂಡು ಇಟ್ಟುಕೊಳ್ಳುತ್ತವೆ. ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲೂಕ್ಸೆಟಿನ್ ಗುಂಪಿನ ಮಾತ್ರೆಗಳು ಮೆದುಳಿನಲ್ಲಿ ತಡೆಯುವುದು ಇದೇ ಹೀರುವಿಕೆಯನ್ನು. ಪ್ಲೇಟ್‌ಲೆಟ್‌ನಲ್ಲೂ ಅದು ತಡೆಯಾಗುತ್ತದೆ. ಅಷ್ಟರಿಂದಲೇ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಆದರೆ ಜೊತೆಗೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್‌ನಂಥದ್ದು ದಿನವೂ ಹೋದರೆ ಹೊಟ್ಟೆಯ ಒಳಪದರ ಸವೆಯುತ್ತದೆ. ಎರಡೂ ಸೇರಿದಾಗ ಹೊಟ್ಟೆಯಲ್ಲಿ ರಕ್ತ ಒಸರುವ ಅಪಾಯ ಜಾಸ್ತಿಯಾಗುತ್ತದೆ. ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ವಾರ್ಫರಿನ್ ನುಂಗುವವರಲ್ಲಿ ಇನ್ನೂ ಜಾಸ್ತಿ. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಎದ್ದರೆ ಸುಮ್ನೆ ಕೂರಬೇಡಿ ಅಂತ ಇಂಥವರಿಗೆ ಹೇಳಿಯೇ ಕಳಿಸುತ್ತೇನೆ. ಬರೀ ಮೈಕೈ ನೋವಾದರೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಡಾಕ್ಟರನ್ನು ಕೇಳಿ ಅನ್ನುತ್ತೇನೆ.

ಟ್ರಮಡಾಲ್ ಬೇರೆಯೇ ಕಥೆ. ಬೀಳುಗಾಯ, ಸೊಂಟನೋವು ಅಂತ ಡಾಕ್ಟರು ಬರೆಯುವ ಗಟ್ಟಿ ನೋವಿನ ಮಾತ್ರೆ ಅದು, ಚೀಟಿ ಇಲ್ಲದೆ ಕೊಡುವಂತಿಲ್ಲ. ಅದೂ ಸಿರೊಟೋನಿನ್ ಏರಿಸುತ್ತದೆ. ಖಿನ್ನತೆಯ ಮಾತ್ರೆ ಜೊತೆ ಸೇರಿದರೆ ಕೈಕಾಲು ನಡುಕ, ಬೆವರು, ಜ್ವರ, ಭೇದಿ, ಎದೆ ಹೊಡೆದುಕೊಳ್ಳುವುದು, ಸ್ನಾಯು ಜಗ್ಗಿದ ಹಾಗೆ ಆಗುವುದು, ತಳಮಳ ಇವೆಲ್ಲ ಬರಬಹುದು. ಹೆಚ್ಚಾಗಿ ಹೊಸ ಮಾತ್ರೆ ಸೇರಿದ ಅಥವಾ ಡೋಸ್ ಏರಿಸಿದ ಒಂದು ದಿನದೊಳಗೇ ಶುರುವಾಗುತ್ತದೆ. ಇದಕ್ಕೆ ಸಿರೊಟೋನಿನ್ ಸಿಂಡ್ರೋಮ್ ಅನ್ನುತ್ತಾರೆ. ಮಳೆಗಾಲದಲ್ಲಿ ಮನೆಯವರು ಇದನ್ನು ವೈರಲ್ ಜ್ವರ ಅಂದುಕೊಂಡು ಕಷಾಯ ಕುಡಿಸಿ ಮಲಗಿಸುವ ಸಾಧ್ಯತೆ ಬಹಳ, ನನಗಿರುವ ಭಯ ಅದೇ. ಟ್ರಮಡಾಲ್‌ನಿಂದ ಫಿಟ್ಸ್ ಬರುವ ಸಾಧ್ಯತೆಯೂ ಏರುತ್ತದೆ. ಇನ್ನೊಂದು ವಿಷಯ: ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್ ತಗೊಳ್ಳುವವರಿಗೆ ಟ್ರಮಡಾಲ್‌ನಿಂದ ನೋವೂ ಸರಿಯಾಗಿ ಇಳಿಯುವುದಿಲ್ಲ. ಟ್ರಮಡಾಲ್ ಪೂರ್ತಿ ಕೆಲಸ ಮಾಡಬೇಕಾದರೆ ಲಿವರಿನ ಒಂದು ಎನ್‌ಜೈಮ್ ಅದನ್ನು ಬದಲಿಸಬೇಕು, ಆ ಎನ್‌ಜೈಮನ್ನೇ ಈ ಎರಡು ಮಾತ್ರೆಗಳು ತಡೆಯುತ್ತವೆ. ನೋವು ಹೋಗಲಿಲ್ಲ ಅಂತ ಇನ್ನೊಂದು ನುಂಗಿದರೆ ಅಪಾಯ ಮಾತ್ರ ಏರುತ್ತದೆ.

ಕೆಮ್ಮಿನ ಸಿರಪ್‌ನಲ್ಲೂ ಇದೇ ಸಿರೊಟೋನಿನ್ ವಿಷಯ ಇದೆ. ಒಣಕೆಮ್ಮಿನ ಹಲವು ಸಿರಪ್‌ಗಳಲ್ಲಿ ಡೆಕ್ಸ್‌ಟ್ರೊಮೆಥಾರ್ಫನ್ ಇರುತ್ತದೆ, ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಕ್ಸ್’ ಅಂತ ಇರುವುದೂ ಉಂಟು. ಫ್ಲೂಕ್ಸೆಟಿನ್, ಪ್ಯಾರಾಕ್ಸೆಟಿನ್ ಇದ್ದಾಗ ಅದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ಕೊಡುವುದು ನನಗೆ ರೂಢಿಯಾಗಿದೆ. ಲೈನ್‌ಜೋಲಿಡ್ ಅಂತ ಒಂದು ಆಂಟಿಬಯಾಟಿಕ್ ಇದೆ, ಔಷಧಿಗೆ ಬಗ್ಗದ ಟಿಬಿಗೆ ಕೊಡುತ್ತಾರೆ. ಅದು ಚೀಟಿಯಲ್ಲಿ ಕಂಡರಂತೂ ನಾನು ಡಾಕ್ಟರಿಗೆ ಫೋನ್ ಮಾಡದೆ ಮುಂದುವರಿಯುವುದಿಲ್ಲ. ಖಿನ್ನತೆಯ ಮೊದಮೊದಲ ಔಷಧಿಯೇ 1950ರ ದಶಕದಲ್ಲಿ ಟಿಬಿ ವಾರ್ಡಿನಿಂದ ಬಂದದ್ದು. ಇಪ್ರೊನಿಯಜಿಡ್ ಕೊಟ್ಟ ಟಿಬಿ ರೋಗಿಗಳ ಮನಸ್ಸು ಗೆಲುವಾದದ್ದನ್ನು ಡಾಕ್ಟರುಗಳು ಗಮನಿಸಿದ್ದರು. ಅದು ತಡೆಯುತ್ತಿದ್ದ, ಸಿರೊಟೋನಿನ್ ಒಡೆಯುವ ಎನ್‌ಜೈಮನ್ನು ಲೈನ್‌ಜೋಲಿಡ್ ಕೂಡ ಸ್ವಲ್ಪ ಮಟ್ಟಿಗೆ ತಡೆಯುತ್ತದೆ.

ವಯಸ್ಸಾದವರ ವಿಷಯದಲ್ಲಿ ನನಗೆ ಮರೆಯಲಾಗದ್ದು ಒಬ್ಬ ಅಜ್ಜಿಯದು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ಊಟ ಬಿಟ್ಟಿದ್ದರು, ಡಾಕ್ಟರು ಎಸಿಟಲೋಪ್ರಾಮ್ ಶುರು ಮಾಡಿದರು. ಮೊದಲಿನಿಂದ ಬಿಪಿ ಮಾತ್ರೆ ಇತ್ತು. ಕೆಲವು ವಾರವಾದ ಮೇಲೆ ಸೊಸೆ ಬಂದು, “ಅಕ್ಕ, ಅತ್ತೆಗೆ ಮರೆವು ಜಾಸ್ತಿ ಆಗಿದೆ. ನಿಂತಲ್ಲೇ ತೂರಾಡ್ತಾರೆ, ಮಾತೂ ಅಡ್ಡಾದಿಡ್ಡಿ. ವಯಸ್ಸಾಯ್ತಲ್ಲ, ಒಂದು ಶಕ್ತಿ ಟಾನಿಕ್ ಕೊಡಿ” ಅಂದರು. ಯಾವ ಬಿಪಿ ಮಾತ್ರೆ ಅಂತ ಫೋಟೋ ತರಿಸಿ ನೋಡಿದೆ. ಹೆಸರಿನ ಕೊನೆಗೆ ‘ಎಚ್’ ಇತ್ತು. ಅಂದರೆ ಅದರಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಕೂಡ ಸೇರಿದೆ, ಮೂತ್ರದ ಮೂಲಕ ಉಪ್ಪು, ನೀರು ಹೊರಗೆ ಹಾಕುವ ಔಷಧಿ. ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಕೂಡ ಇದೇ ಬಗೆಯವು. ಎಸಿಟಲೋಪ್ರಾಮ್ ಗುಂಪಿನ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸಿ ಸೋಡಿಯಂ ಇಳಿಸಬಲ್ಲದು. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ. ಟಾನಿಕ್ ಕೊಡಲಿಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ ನೋಡಿಸಿ, ಎರಡೂ ಮಾತ್ರೆ ಕೈಯಲ್ಲಿ ಹಿಡಿದೇ ಹೋಗಿ ಅಂದೆ. ಸೋಡಿಯಂ 135ರಿಂದ 145ರ ಒಳಗೆ ಇರಬೇಕು. ಅಜ್ಜಿಯದು 120ಕ್ಕಿಂತ ಕೆಳಗೆ ಇಳಿದಿತ್ತು. ಅಡ್ಮಿಟ್ ಮಾಡಿಕೊಂಡರು, ಎರಡೂ ಮಾತ್ರೆ ಬದಲಾದವು, ಅಜ್ಜಿ ನಡೆದುಕೊಂಡು ಮನೆಗೆ ಬಂದರು. ಈಗ ಅರವತ್ತು ದಾಟಿದ ಯಾರಿಗೇ ಈ ಮಾತ್ರೆ ಹೊಸದಾಗಿ ಕೊಡುವಾಗಲೂ ಬಿಪಿ ಮಾತ್ರೆಯ ಹೆಸರು ಕೇಳುತ್ತೇನೆ. ದಿಢೀರ್ ಅಂತ ಗೊಂದಲ, ತಲೆನೋವು, ವಾಕರಿಕೆ, ತೂರಾಟ ಬಂದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ ಅಂತ ಮನೆಯವರಿಗೆ ಹೇಳುತ್ತೇನೆ.

ಗ್ಯಾಸಿನ ಕ್ಯಾಪ್ಸೂಲ್‌ಗೂ ಒಂದು ಮಾತು ಬೇಕು. ಒಮೆಪ್ರಜೋಲ್ ಇದ್ದರೆ ರಕ್ತದಲ್ಲಿ ಎಸಿಟಲೋಪ್ರಾಮ್‌ನ ಮಟ್ಟ ಅರ್ಧದಷ್ಟು ಏರಬಹುದು. ನಮ್ಮಲ್ಲಿ ಜಾಸ್ತಿ ಹೋಗುವುದು ಒಮೆಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್. ಡೊಂಪೆರಿಡೋನ್‌ಗೂ ಎಸಿಟಲೋಪ್ರಾಮ್‌ಗೂ ಹೃದಯದ ಮಿಡಿತದ ಲಯ ಕೆಡಿಸುವ ಗುಣ ಸ್ವಲ್ಪ ಇದೆ. ಚಿಕ್ಕ ವಯಸ್ಸಿನವರಿಗೆ ಇದು ಹೆಚ್ಚಾಗಿ ಏನೂ ಮಾಡುವುದಿಲ್ಲ. ಮೊದಲೇ ಹೃದಯದ ತೊಂದರೆ ಇರುವ ಹಿರಿಯರಿಗೆ ಡಾಕ್ಟರನ್ನು ಕೇಳಿಯೇ ಕೊಡಬೇಕು. ಪ್ಯಾಂಟೊಪ್ರಜೋಲ್‌ನಲ್ಲಿ ಮಟ್ಟ ಏರುವ ತೊಂದರೆ ಕಡಿಮೆ.

ಇನ್ನು ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಎರಡು ಚೀಟಿಯಲ್ಲಿ ಬರುವುದು. ಮೈಸೂರಿನವರು ಒಂದು ಬ್ರ್ಯಾಂಡ್ ಬರೆದಿರುತ್ತಾರೆ, ಇಲ್ಲಿಯವರು ಇನ್ನೊಂದು, ಒಳಗೆ ಎರಡೂ ಎಸಿಟಲೋಪ್ರಾಮ್. ಬಣ್ಣ ಬೇರೆ ಅಂತ ಎರಡನ್ನೂ ನುಂಗುತ್ತಾರೆ. ಕಂಪನಿ ಹೆಸರಿನ ಹತ್ತಿರವೇ ಔಷಧಿಯ ಹೆಸರು ಇರುತ್ತದೆ, ಅದರ ಕೆಳಗೆ ಪೆನ್ನಿನಲ್ಲಿ ಗೀಟು ಹಾಕಿ ತೋರಿಸಿದರೆ ಓದು ಬರುವ ಯಾರಿಗಾದರೂ ಅರ್ಥವಾಗುತ್ತದೆ.

ಕಾಫಿ ನಾಡಿನವರು ನಾವು, ಅದನ್ನೂ ಕೇಳಬೇಕು. ಗೀಳು ಕಾಯಿಲೆಗೆ ಕೊಡುವ ಫ್ಲುವಾಕ್ಸಮಿನ್ ಅನ್ನುವ ಮಾತ್ರೆ ಕೆಫೀನ್ ಕರಗುವುದನ್ನು ಹಲವು ಪಟ್ಟು ನಿಧಾನ ಮಾಡುತ್ತದೆ. ದಿನಕ್ಕೆ ಐದಾರು ಲೋಟ ಬೆಲ್ಲದ ಕಾಫಿ ಕುಡಿಯುವವರಿಗೆ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. “ಮಾತ್ರೆ ಆಗಿ ಬರಲಿಲ್ಲ” ಅಂತ ಬಿಟ್ಟುಬಿಡುತ್ತಾರೆ. ಕಾಫಿ ಇಳಿಸಿದರೆ ಎಷ್ಟೋ ಜನರಿಗೆ ಸರಿಹೋಗುತ್ತದೆ.

ಕುಡಿತದ ಬಗ್ಗೆ ಬೈದರೆ ಯಾರೂ ನಿಜ ಹೇಳುವುದಿಲ್ಲ. ಮದುವೆ, ಕೈಲ್ ಪೊಳ್ದ್, ಪುತ್ತರಿ ಅಂದಮೇಲೆ ನಮ್ಮಲ್ಲಿ ಅದು ಇದ್ದೇ ಇರುತ್ತದೆ. ನಾನು ಕೇಳುವುದು ಇಷ್ಟೇ, “ಹಬ್ಬಕ್ಕೆ ಸ್ವಲ್ಪ ತಗೊಳ್ತೀರಾ?” ಹೌದು ಅಂದರೆ ಸ್ಟ್ರಿಪ್‌ನಲ್ಲಿ ಕ್ಲೋನಜೆಪಾಮ್ ಸೇರಿದೆಯಾ ನೋಡುತ್ತೇನೆ. ಎಸಿಟಲೋಪ್ರಾಮ್ ಜೊತೆ ಅದು ಒಂದೇ ಮಾತ್ರೆಯಾಗಿ ಬರುವುದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ಅದರ ಮೇಲೆ ಮದ್ಯ ಬಿದ್ದರೆ ಮಂಪರು ಏರುತ್ತದೆ, ಜಾಸ್ತಿಯಾದರೆ ಉಸಿರೇ ನಿಧಾನವಾಗುತ್ತದೆ. ಆ ಸ್ಥಿತಿಯಲ್ಲಿ ರಾತ್ರಿ ಜೀಪು ಓಡಿಸಿಕೊಂಡು ತೋಟದ ಮನೆಗೆ ಹೋಗುವುದನ್ನು ಊಹಿಸಿ ಅಂತ ಹೇಳುತ್ತೇನೆ.

ಮಾತ್ರೆ ಶುರು ಮಾಡುವ ದಿನ ಎರಡು ನಿಮಿಷ ಕೊಟ್ಟರೆ ಬಹಳ ಜನ ಮಾತ್ರೆ ಬಿಡದೆ ಮುಂದುವರಿಸುತ್ತಾರೆ. ಮೊದಲ ವಾರ ಹೊಟ್ಟೆ ತೊಳಸು, ಭೇದಿ, ತಲೆನೋವು, ಒಂಥರಾ ಚಡಪಡಿಕೆ ಬರಬಹುದು. ಹೆಚ್ಚಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಕಾಣಲು ಆರು ವಾರವೂ ಬೇಕಾಗಬಹುದು. ಅಂದರೆ ತೊಂದರೆ ಮೊದಲು, ಲಾಭ ಆಮೇಲೆ. ಇದನ್ನು ಮುಂಚೆ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಸ್ಟ್ರಿಪ್ ಡಬ್ಬಿ ಸೇರುತ್ತದೆ. 25ರ ಒಳಗಿನವರಾದರೆ ಮನೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ, ಕೆಲವರಿಗೆ ಸಾಯುವ ಯೋಚನೆ ಜಾಸ್ತಿಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಿಗೆ 2004ರಲ್ಲಿ ಈ ಎಚ್ಚರಿಕೆ ಹಾಕಿಸಿತು, 2007ರಲ್ಲಿ 24 ವಯಸ್ಸಿನವರೆಗೆ ವಿಸ್ತರಿಸಿತು. ಒಬ್ಬರನ್ನೇ ಬಿಡಬೇಡಿ, ಮಾತಾಡಿಸುತ್ತಾ ಇರಿ, ಡಾಕ್ಟರಿಗೆ ತಿಳಿಸಿ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಗಂಡಸರು ನನ್ನ ಹತ್ತಿರ ಬಾಯಿಬಿಡದ ವಿಷಯ ಒಂದಿದೆ. ಈ ಮಾತ್ರೆಗಳಿಂದ ಲೈಂಗಿಕ ಆಸಕ್ತಿ ಇಳಿಯುವುದು, ತೃಪ್ತಿ ತಡವಾಗುವುದು ಬಹಳ ಸಾಮಾನ್ಯ. ಹೆಂಗಸರಿಗೂ ಆಗುತ್ತದೆ. ಕೇಳಲು ನಾಚಿಕೆ, ಹಾಗಾಗಿ ಮಾತ್ರೆಯನ್ನೇ ಬಿಡುತ್ತಾರೆ. ನಾನು ಕೇಳಿಸಿಯೂ ಕೇಳಿಸದ ಹಾಗೆ, “ಗಂಡ ಹೆಂಡತಿ ವಿಷಯದಲ್ಲಿ ವ್ಯತ್ಯಾಸ ಆದರೆ ಡಾಕ್ಟರಿಗೆ ಹೇಳಿ, ಬದಲಿ ಇದೆ” ಅಂತ ಒಂದೇ ವಾಕ್ಯ ಹೇಳಿ ಬಿಲ್ ಹಾಕುತ್ತೇನೆ. ಶೀಘ್ರ ಸ್ಖಲನಕ್ಕೆ ಕೊಡುವ ಡಪಾಕ್ಸೆಟಿನ್ ಕೂಡ ಇದೇ ಗುಂಪಿನ ಔಷಧಿ ಅಂತ ಬಹಳ ಜನರಿಗೆ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ತಗೊಳ್ಳುವಂತಿಲ್ಲ.

ದಿಢೀರ್ ಬಿಡುವುದು ಇನ್ನೊಂದು ಮಳೆಗಾಲದ ಕಾಯಿಲೆ. ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ಮಾತ್ರೆ ಮುಗಿದಿದೆ. ಎರಡು ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ಕೆಟ್ಟ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಪ್ಯಾರಾಕ್ಸೆಟಿನ್, ವೆನ್‌ಲಾಫ್ಯಾಕ್ಸಿನ್‌ನಲ್ಲಿ ಇದು ಜೋರು, ಫ್ಲೂಕ್ಸೆಟಿನ್ ಮೈಯಿಂದ ನಿಧಾನಕ್ಕೆ ಇಳಿಯುವುದರಿಂದ ಅದರಲ್ಲಿ ಕಡಿಮೆ. ಹಾಗಾಗಿ ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಎರಡು ತಿಂಗಳಿಗೆ ಬರೆಸಿಕೊಂಡು ಬನ್ನಿ ಅಂತ ದೂರದವರಿಗೆ ನೆನಪಿಸುತ್ತೇನೆ. ಮನೆಯಲ್ಲಿ ಸಾಯುವ ಮಾತಾಡುವವರಿದ್ದರೆ ಮಾತ್ರ ಅಷ್ಟು ಮಾತ್ರೆ ಒಟ್ಟಿಗೆ ಕೊಡುವುದಿಲ್ಲ, ಕೊಟ್ಟರೂ ಬೇರೆಯವರ ಕೈಗೆ.

ಆಗಸ್ಟ್ ಮೊದಲ ವಾರ ಒಂದು ಫೋನ್ ಬಂದೇ ಬರುತ್ತದೆ. “ಅಕ್ಕ, ಮೂತ್ರ ಕೆಂಪಗೆ ಹೋಗ್ತಿದೆ, ಹೊಸ ಮಾತ್ರೆಯಿಂದಲಾ?” ಕಕ್ಕಡ ಪದಿನೆಟ್ಟ್‌ಗೆ ಮದ್ದು ತೊಪ್ಪಿನ ಪಾಯಸ ತಿಂದಿರಾ ಅಂತ ಕೇಳುತ್ತೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪು ಹಾಕಿ ಮಾಡುವ ಪಾಯಸ ಅದು. ತಿಂದಿರುತ್ತಾರೆ. ಆ ಸೊಪ್ಪಿನ ಬಣ್ಣವೇ ಅದು. ತಿನ್ನದೆಯೇ ಕೆಂಪಾಗಿದ್ದರೆ, ಅಥವಾ ಮರುದಿನವೂ ನಿಲ್ಲದಿದ್ದರೆ, ಡಾಕ್ಟರ ಹತ್ತಿರ ಕಳಿಸುತ್ತೇನೆ.

ಇದನ್ನೆಲ್ಲ ಜನರ ಎದುರು ಜೋರಾಗಿ ಕೇಳಲಾಗುವುದಿಲ್ಲ, ಅಲ್ವಾ? ನಮ್ಮದು ಚಿಕ್ಕ ಪೇಟೆ, ಪಕ್ಕದಲ್ಲಿ ನಿಂತವರು ನೆಂಟರೇ ಆಗಿರುತ್ತಾರೆ. ಕೌಂಟರಿನ ಕೊನೆಗೆ ಕರೆದು, ದನಿ ಇಳಿಸಿ ಕೇಳುತ್ತೇನೆ. ಸಂತೆ ದಿನ ರಶ್ ಇದ್ದರೆ ನಂಬರ್ ತಗೊಂಡು ಸಂಜೆ ಫೋನ್ ಮಾಡುತ್ತೇನೆ. ಚೀಟಿಯಲ್ಲಿರುವುದನ್ನು ನಾನಾಗಿ ಬದಲಿಸುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ. ಡಾಕ್ಟರಿಗೆ ಫೋನ್ ಮಾಡಿ, “ಸರ್, ಇವರು ಇದನ್ನೂ ತಗೊಳ್ತಿದ್ದಾರೆ” ಅಂತ ಅಷ್ಟೇ ಹೇಳುತ್ತೇನೆ. ಹೆಚ್ಚಿನವರು ಒಳ್ಳೆಯದಾಯಿತು ಅಂತಲೇ ಹೇಳುತ್ತಾರೆ. ಅವರು ಹೇಳಿದ್ದನ್ನು ಕವರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇನೆ, ಮುಂದಿನ ಸಲ ಯಾವ ಊರಿನ ಡಾಕ್ಟರ ಹತ್ತಿರ ಹೋದರೂ ಆ ಕವರನ್ನು ತೋರಿಸಲಿ ಅಂತ.