ಮಗ್ಗದ ಕಿರುಚಿತ್ರ, ಸೀನ್ 7: 18ನೇ ಟೇಕ್‌ಗೆ ಕೈಗೂಡಿತು

ಸೀನ್ 7 ಮುಗಿಯಿತು! ಮೊನ್ನೆ ಭಾನುವಾರ ಸಂಜೆ ಗುಳೇದಗುಡ್ಡದಿಂದ ಬಾಗಲಕೋಟೆಗೆ ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಸುಸ್ತಾಗಿದ್ದರು, ಎಲ್ಲರ ಮುಖದಲ್ಲೂ ನಗು ಇತ್ತು. ಎರಡು ಭಾನುವಾರ, 18 ಟೇಕ್, ಒಂದೇ ಸಾಲಿನ ಡೈಲಾಗ್. ಲೊಕೇಶನ್ ಹುಡುಕಿದ್ದು, ಶಾಟ್ ಲಿಸ್ಟ್ ಮಾಡಿದ್ದು, ಕಿಟಕಿ ಬೆಳಕಿಗೆ ಥರ್ಮಾಕೋಲ್ ಹಿಡಿದದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸ, ಬಿಟ್ಟುಬಿಡುತ್ತೇನೆ. ಈ ಸಲ ಬರೆಯುವುದು ಆ ಒಂದು ಸಾಲಿನ ಬಗ್ಗೆ, ಅದನ್ನು ಹೇಳಬೇಕಾದ ನಟನಿಗೆ ನಾನು ಏನೇನು ಹೇಳಿದೆ ಅನ್ನುವುದರ ಬಗ್ಗೆ.

ಕಥೆ ಚಿಕ್ಕದು. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಒಬ್ಬ ಮುದುಕ. ಮಗ ಊರು ಬಿಟ್ಟು ನೌಕರಿ ಹಿಡಿದಿದ್ದಾನೆ, ನೆಲದ ಕುಣಿಯಲ್ಲಿ ಕಾಲು ಬಿಟ್ಟು ನೇಯುವ ಮನೆಯ ಕುಣಿ ಮಗ್ಗ ಮಾರಿದ್ದಾನೆ. ಸೀನ್ 7ರಲ್ಲಿ ಮಗ ಬಾಗಿಲಲ್ಲಿ ನಿಂತು, "ನಾಳೆ ಮುಂಜಾನೆ ಗಾಡಿ ಬರ್ತೈತಿ ಯಪ್ಪಾ" ಅನ್ನುತ್ತಾನೆ. ಅಪ್ಪ, "ಬರ್ಲಿ. ಚಾ ಕುಡದು ಹೋಗ್ರಿ ಅಂತ ಹೇಳು" ಅನ್ನಬೇಕು. ಅಷ್ಟೇ. ತನ್ನ ಮಗ್ಗ ಒಯ್ಯಲು ಬರುವವರಿಗೂ ಚಹಾ ಕೊಡದೆ ಕಳಿಸದ ಮನುಷ್ಯ ಅವನು. ಇಡೀ ಚಿತ್ರ ಆ ಸಾಲಿನ ಮೇಲೆ ನಿಂತಿದೆ.

ಅಪ್ಪನ ಪಾತ್ರ ಮಾಡುತ್ತಿರುವವರು ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದ ಹಿರಿಯರು. ನಾವೆಲ್ಲ ಕಾಕಾ ಅನ್ನುತ್ತೇವೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಆ ತಗಡಿನ ಥಿಯೇಟರುಗಳ ಸಾಲು ಗೊತ್ತು. ಪಕ್ಕದ ಕಂಪನಿಯ ಹಾರ್ಮೋನಿಯಂ, ಹೊರಗೆ ತಿರುಗುವ ತೊಟ್ಟಿಲಿನ ಸದ್ದು, ಬಳೆ ಅಂಗಡಿಯವರ ಕೂಗು, ಇದೆಲ್ಲ ದಾಟಿ ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಮಾತು ಮುಟ್ಟಬೇಕು. ರಾತ್ರಿ ಒಂದಾದ ಮೇಲೆ ಇನ್ನೊಂದು ಆಟ, ಬೆಳಗಿನವರೆಗೂ ಅದೇ ಗಂಟಲು. ಕಾಕಾ ಕಲಿತದ್ದು ಆ ವಿದ್ಯೆ. ಅದನ್ನು "ಓವರ್ ಆ್ಯಕ್ಟಿಂಗ್" ಅಂತ ಒಂದೇ ಮಾತಲ್ಲಿ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಏಣಗಿ ಬಾಳಪ್ಪನವರಂಥ ನಟರು ಬಾಳಿ ಬೆಳಗಿದ ರಂಗಭೂಮಿ ಅದು. ಆದರೆ ನಮ್ಮ ಕ್ಯಾಮೆರಾ ಇದ್ದದ್ದು ಅವರ ಮುಖದಿಂದ ಎರಡೂವರೆ ಅಡಿ ದೂರದಲ್ಲಿ.

ಮೊದಲ ಭಾನುವಾರ 14 ಟೇಕ್ ಆದವು. ಒಂದೂ ಉಳಿಯಲಿಲ್ಲ.

ಮೊದಲ ಟೇಕ್‌ನಲ್ಲಿ "ಬರ್ಲಿ" ಅನ್ನುವ ಎರಡೂವರೆ ಅಕ್ಷರಕ್ಕೆ ಕಾಕಾ ತಲೆ ಎತ್ತಿದರು, ಉಸಿರು ಎಳೆದರು, ಕಣ್ಣು ಮೇಲೆ ಹೋಯಿತು. ರಾಜ್ಯ ಬಿಟ್ಟು ಕಾಡಿಗೆ ಹೊರಟ ರಾಜನ ಹಾಗೆ ಕಂಡರು. "ಕಾಕಾ, ಸ್ವಲ್ಪ ಕಮ್ಮಿ ಮಾಡ್ರಿ" ಅಂದೆ. ದನಿ ಇಳಿಸಿದರು, ಮುಖ ಇಳಿಯಲಿಲ್ಲ. "ಇನ್ನೂ ಕಮ್ಮಿ." ಮುಖ ಇಳಿಸಿದರು, ಹುಬ್ಬು ನಿಂತಿತು. "ಏನೂ ಮಾಡಬ್ಯಾಡ್ರಿ" ಅಂದೆ. ಆಗ ಕಲ್ಲಾಗಿ ಕೂತರು. "ದುಃಖ ಒಳಗೇ ಇರಲಿ" ಅಂದೆ. ಅದಕ್ಕೆ ಒಂದು ದೊಡ್ಡ ನಿಟ್ಟುಸಿರು ಬಂತು. ಹತ್ತನೇ ಟೇಕ್ ಹೊತ್ತಿಗೆ ನಾನೇ ಕುಣಿಗೆ ಇಳಿದು ಕೂತು ಆ ಸಾಲು ಹೇಳಿ ತೋರಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಕಾಕಾ ಅದನ್ನು ಚಾಚೂ ತಪ್ಪದೆ ಒಪ್ಪಿಸಿದರು, ನನ್ನ ಕತ್ತಿನ ಓರೆ ಸಮೇತ. ತೆರೆಯ ಮೇಲೆ ನಾನು ಕಂಡೆ, ಮುದುಕ ಕಾಣಲಿಲ್ಲ.

ಇದರ ನಡುವೆ ಮೈಕಿನ ಕಾಟ ಬೇರೆ. ಬಾಡಿಗೆಗೆ ತಂದ, ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕಿನ ವೈರು ಕ್ಲಿಪ್ಪಿನ ಹತ್ತಿರ ಒಳಗೇ ತುಂಡಾಗಿತ್ತು. ಕಾಕಾ ಕತ್ತು ತಿರುಗಿಸಿದಾಗೆಲ್ಲ ಖರ್ ಖರ್. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಸರಿ ಇತ್ತಲ್ಲರಿ" ಅಂದರು. ಕೋಲಿನ ತುದಿಗೆ ಕಟ್ಟುವ ಬೂಮ್ ಮೈಕಿಗೆ ಗಾಳಿ ತಡೆಯುವ ರೋಮದ ಕವರು ಆರ್ಡರ್ ಮಾಡಿ ಮೂರು ವಾರ. ನಾಲ್ಕು ದಿನಕ್ಕೆ ಬರುತ್ತದೆ ಅಂದಿದ್ದರು, ಬಂದದ್ದು ಬೇರೆ ಸೈಜು. ಈ ಸಾಮಾನು ಮಾರುವವರು, ಬಾಡಿಗೆ ಕೊಡುವವರು ಒಂದು ಸಲ ನಮ್ಮ ಜೊತೆ ಬಂದು ಶೂಟಿಂಗ್‌ನಲ್ಲಿ ನಿಲ್ಲಬೇಕು. ಒಬ್ಬ ನಟ ಕಷ್ಟಪಟ್ಟು ಒಂದು ಕ್ಷಣಕ್ಕೆ ಬಂದು ಮುಟ್ಟುವಾಗ ವೈರಿನ ಸದ್ದಿಗೆ "ಕಟ್" ಅನ್ನುವುದು ಎಷ್ಟು ನೋವು ಅಂತ ಗೊತ್ತಾಗಲಿ.

ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದು ಮಾತ್ರ ನನ್ನ ಪ್ರಕಾರ ದೂರುವ ವಿಷಯ ಅಲ್ಲ. ಅದು ಆ ಓಣಿಯ ಅನ್ನ. ಮಗ್ಗ ನಿಲ್ಲಿಸಿ ಅಂತ ಕೇಳಿದರೆ ಅವರ ಕೂಲಿ ನಿಲ್ಲಿಸಿದ ಹಾಗೆ. ಅದಕ್ಕೆ ಸಂಜೆ ಚಹಾದ ಹೊತ್ತು ನೋಡಿಕೊಂಡು ಟೇಕ್ ಇಟ್ಟುಕೊಂಡೆವು. ಒಂದು ದಿನಕ್ಕೆ ಸಿಗುವುದು ಇಪ್ಪತ್ತೈದು ನಿಮಿಷ. ಮೂರನೇ ಮನೆಯ ಕಾಕೂ ಮಾತ್ರ ನಮ್ಮ ಕ್ಲಾಪ್ ಸದ್ದು ಕೇಳಿದ ಕೂಡಲೇ ತಾವೇ ಲಾಳಿ ನಿಲ್ಲಿಸುತ್ತಿದ್ದರು. "ನಿಮ್ಮ ಮುದಕ ಇನ್ನೂ ಚಾ ಕುಡಸ್ಲಿಲ್ಲೇನು?" ಅಂತ ಕಿಟಕಿಯಿಂದ ಕೇಳಿ ಎಲ್ಲರನ್ನೂ ನಗಿಸುತ್ತಿದ್ದರು.

14ನೇ ಟೇಕ್ ಆದ ಮೇಲೆ ಪ್ಯಾಕಪ್ ಅಂದೆ. ಕಾಕಾ ಕಟ್ಟೆಯ ಮೇಲೆ ಕೂತು ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಹೋಗಿ ಪಕ್ಕ ಕೂತೆ. ಬಹಳ ಹೊತ್ತು ಸುಮ್ಮನಿದ್ದು ಅಂದರು: "ತಮ್ಮಾ, ನಿನಗ ಏನು ಬ್ಯಾಡ ಅನ್ನೂದು ಚಲೋ ಗೊತ್ತೈತಿ. ಏನು ಬೇಕು ಅನ್ನೂದು ಒಂದು ಸಲನೂ ಹೇಳ್ಲಿಲ್ಲ."

ಮತ್ತೆ ಅಂದರು, "ಅಲ್ಲೆ ಸಿಳ್ಳಿ ಬೀಳ್ತಿತ್ತು, ವನ್ಸ್ ಮೋರ್ ಅಂತಿದ್ರು. ಸರಿ ಹೋತೋ ಇಲ್ಲೋ ಜನರಿಂದ ತಿಳೀತಿತ್ತು. ಇಲ್ಲೆ ನೀ ಆ ಸಣ್ಣ ಟೀವಿ ನೋಡ್ಕೋತ ಕುಂಡರ್ತಿ. ನನ್ನ ಯಾರು ನೋಡಾಕತ್ತಾರ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ಎರಡೂ ನಿಜ. "ಕಮ್ಮಿ", "ಜಾಸ್ತಿ", "ದುಃಖ", ಇವೆಲ್ಲ ನೋಡುವವನಿಗೆ ಕಾಣಬೇಕಾದದ್ದು. ನಟನಿಗೆ ಅವು ಕೆಲಸ ಅಲ್ಲ. ದುಃಖಪಡು ಅಂದರೆ ಯಾರಿಂದಲೂ ಆಗುವುದಿಲ್ಲ, ದುಃಖ ತೋರಿಸಲು ಮಾತ್ರ ಆಗುತ್ತದೆ. ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಕೊನೆಯ ವರ್ಷಗಳಲ್ಲಿ ಇದನ್ನೇ ಹಿಡಿದು ಕೂತಿದ್ದರು: ಭಾವವನ್ನು ನೇರವಾಗಿ ಹಿಡಿಯಲು ಹೋಗಬೇಡ, ಪಾತ್ರ ಮಾಡುವ ದೈಹಿಕ ಕೆಲಸವನ್ನು ನಿಜವಾಗಿ ಮಾಡು, ಭಾವ ಹಿಂದೆಯೇ ಬರುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಸತ್ಯಜಿತ್ ರಾಯ್ ಅವರದು. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಪುಟ್ಟ ಅಪು ಅಕ್ಕನನ್ನು ಹುಡುಕುತ್ತ ಬಿಳಿ ಹೂವಿನ ಕಾಶ ಹುಲ್ಲಿನಲ್ಲಿ ನಡೆಯುತ್ತಾನೆ. ಹುಡುಗ ಮೊದಲು ಗೊಂಬೆಯ ಹಾಗೆ ನಡೆದ. ರಾಯ್ ಅವನಿಗೆ "ಹುಡುಕುವವನ ಹಾಗೆ ಮಾಡು" ಅನ್ನಲಿಲ್ಲ. ದಾರಿಯಲ್ಲಿ ದಾಟಲು ಸಣ್ಣಪುಟ್ಟ ಅಡ್ಡಿ ಇಟ್ಟರು. ಹುಲ್ಲಿನೊಳಗೆ ಅಲ್ಲಲ್ಲಿ ಜನರನ್ನು ಅಡಗಿಸಿ, ಒಬ್ಬೊಬ್ಬರಾಗಿ ಅವನನ್ನು ಕರೆಯಲು ಹೇಳಿದರು. ಹುಡುಗ ಕಾಲ ಕೆಳಗೆ ನೋಡಿದ, ಅಡ್ಡಿ ದಾಟಿದ, ಕರೆದ ಕಡೆ ತಿರುಗಿದ. ನಮಗೆ ಕಾಣುವುದು ಅಕ್ಕನನ್ನು ಹುಡುಕುವ ತಮ್ಮ. ಅದೇ ಚಿತ್ರದ ಅಜ್ಜಿ ಚುನಿಬಾಲಾ ದೇವಿ ಕೂಡ ಹಳೆಯ ರಂಗಭೂಮಿ ನಟಿ. ರಂಗದಿಂದ ಬಂದವರಿಗೆ ಕ್ಯಾಮೆರಾ ಒಗ್ಗುವುದಿಲ್ಲ ಅನ್ನುವ ಮಾತು ಎಷ್ಟು ಸುಳ್ಳು ಅಂತ ಅವರನ್ನು ನೋಡಿದರೆ ಸಾಕು.

ಹಾಗಾದರೆ ನಮ್ಮ ಕಾಕಾಗೆ ದಾಟಲು ಏನು ಇಡಬೇಕು? ಉತ್ತರ ಕಣ್ಣೆದುರಿಗೇ ಇತ್ತು, ಮಗ್ಗ. ಹದಿನಾಲ್ಕು ಟೇಕ್‌ನಲ್ಲೂ ನಾನು ಅವರನ್ನು ಮಗ್ಗದ ಮುಂದೆ ಸುಮ್ನೆ ಕೂರಿಸಿದ್ದೆ! ನೇಕಾರ ಮಗ್ಗದಲ್ಲಿ ಸುಮ್ನೆ ಕೂರುವುದುಂಟಾ?

ಎರಡು ವಾರ ಶೂಟಿಂಗ್ ನಿಲ್ಲಿಸಿದೆವು. ಮಗ್ಗದ ಮನೆಯ ಮಾಲೀಕರನ್ನು ಕೇಳಿಕೊಂಡೆ, ಕಡಿದ ಎಳೆ ಕೂಡಿಸುವುದನ್ನು ಕಾಕಾಗೆ ಕಲಿಸಿ ಅಂತ. ನಾಲ್ಕು ಮುಂಜಾನೆ ಕಾಕಾ ಬಂದು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ನೂರಾರು ಎಳೆ, ಒಂದು ಕಡಿದರೆ ಮೊದಲು ಅದು ಯಾವುದು ಅಂತ ಹುಡುಕಬೇಕು. ತುದಿಗೆ ಬೇರೆ ನೂಲು ಗಂಟು ಹಾಕಿ, ಬಾಚಣಿಗೆಯಂಥ ಹಣಿಗೆಯ ಸರಿಯಾದ ಸಂದಿನಿಂದ ಎಳೆದು, ಬಿಗಿ ನೋಡಿ ಮುಂದೆ ನೇಯ್ದಿರುವ ಬಟ್ಟೆಗೆ ಸೇರಿಸಬೇಕು. ಗಂಟು ದಪ್ಪ ಆದರೆ ಹಣಿಗೆಯಲ್ಲಿ ಸಿಕ್ಕು ಮತ್ತೆ ಕಡಿಯುತ್ತದೆ. ಕಾಕಾರ ದಪ್ಪ ಬೆರಳಿಗೆ ಮೊದಲ ದಿನ ಒಂದೂ ಆಗಲಿಲ್ಲ. ನಾಲ್ಕನೇ ದಿನ ಆಯಿತು, ಆದರೆ ಪೂರ್ತಿ ಗಮನ ಕೊಟ್ಟರೆ ಮಾತ್ರ. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಮೊನ್ನೆ ಭಾನುವಾರ ನಾಲ್ಕು ಬದಲಾವಣೆ ಮಾಡಿದೆ. 50 ಎಂಎಂ ಲೆನ್ಸ್ ತೆಗೆದು, ದೂರದಿಂದಲೇ ಮುಖ ಹತ್ತಿರ ತೋರಿಸುವ 85 ಹಾಕಿ ಕ್ಯಾಮೆರಾ ಹಿಂದೆ ಸರಿಸಿದೆ, ಅವರ ಉಸಿರಿಗೆ ಜಾಗ ಸಿಗಲಿ ಅಂತ. ಕಾಕಾ ಹೇಳಿದ ಆ ಸಣ್ಣ ಟೀವಿ, ಮಾನಿಟರ್, ಆಚೆ ಕೋಣೆಗೆ ಹೋಯಿತು. ನಾನು ಲೆನ್ಸಿನ ಪಕ್ಕ ನೆಲದ ಮೇಲೆ ಕೂತೆ, ಕಾಕಾರ ಮುಖ ನೋಡುತ್ತ. ಅವರಿಗೆ ಹೇಳಬೇಕಾದದ್ದನ್ನೆಲ್ಲ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಹೋದ ಸಲ ಹತ್ತು ಜನರ ಮುಂದೆ "ಕಮ್ಮಿ ಮಾಡ್ರಿ" ಅಂತ ಕೂಗಿದ್ದೆನಲ್ಲ, ಅಷ್ಟು ಹಿರಿಯರಿಗೆ ಅದು ಎಷ್ಟು ಚುಚ್ಚಿರಬೇಕು.

ಕಿವಿಯಲ್ಲಿ ಹೇಳಿದ್ದು ಇಷ್ಟು: "ಕಾಕಾ, ಒಂದು ಎಳೆ ಕಡದೈತಿ. ಅದನ್ನ ಕೂಡಸ್ರಿ. ಕೂಡುತನ ಮಗನ ಮುಖ ನೋಡಬ್ಯಾಡ್ರಿ. ನಿಮ್ಮ ಕೈ ನಡಗೂದು ಅವಗ ಗೊತ್ತಾಗಬಾರ್ದು." ಮಗನ ಪಾತ್ರ ಮಾಡುತ್ತಿರುವ ಮೇಷ್ಟ್ರನ್ನು ಹೊರಗೆ ಕರೆದು ಬೇರೆಯದೇ ಹೇಳಿದೆ: "ಅಪ್ಪ ಒಂದು ಸಲ ತಲೆ ಎತ್ತಿ ನಿಮ್ಮನ್ನ ನೋಡಬೇಕು. ನೋಡುತನ ಬಾಗಿಲು ಬಿಟ್ಟು ಹೋಗಬ್ಯಾಡ್ರಿ." ಒಬ್ಬರ ಸೂಚನೆ ಇನ್ನೊಬ್ಬರಿಗೆ ಗೊತ್ತಿಲ್ಲ.

15 ಮತ್ತು 16 ಎಳೆಯ ಗಡಿಬಿಡಿಯಲ್ಲಿ ಹೋದವು, ಸಾಲೇ ಮರೆತುಹೋಯಿತು. 17 ಚೆನ್ನಾಗಿತ್ತು, ಆದರೆ ಹೊರಗೆ ಟಂಟಂ ಆಟೋ ಬಂತು.

18. ಮಗ ಬಂದು ಮಾತು ಹೇಳಿದ. ಕಾಕಾರ ಹೆಬ್ಬೆರಳು, ತೋರುಬೆರಳಿನ ನಡುವೆ ಎಳೆ ಇತ್ತು. ಬೆರಳು ನಿಂತಿತು. ನಾಲಿಗೆಗೆ ಬೆರಳು ತಾಗಿಸಿ ತೇವ ಮಾಡಿಕೊಂಡರು. ಎಳೆ ನೋಡುತ್ತಲೇ "ಬರ್ಲಿ" ಅಂದರು, ನೀರು ಕೊಡು ಅಂದಷ್ಟೇ ಸಹಜವಾಗಿ. ಗಂಟು ಹಾಕಿದರು. ಜಾರಿತು. ಮತ್ತೆ ಹುಡುಕಿದರು. ಮಗ ಕದಲಲಿಲ್ಲ. ಎರಡನೇ ಗಂಟು ಕೂತಿತು. ಬಿಗಿ ನೋಡಲು ಎಳೆಯನ್ನು ಬೆರಳಿಂದ ಒಮ್ಮೆ ಮೀಟಿ, "ಚಾ ಕುಡದು ಹೋಗ್ರಿ ಅಂತ ಹೇಳು" ಅಂದರು. ಆಮೇಲೆ ತಲೆ ಎತ್ತಿ ಮಗನನ್ನು ನೋಡಿದರು. ಮೇಷ್ಟ್ರ ಕಣ್ಣಲ್ಲಿ ನೀರು. ಅದನ್ನು ಯಾರೂ ಕೇಳಿರಲಿಲ್ಲ. ನನಗೆ "ಕಟ್" ಅನ್ನಲು ಬಾಯಿ ಬರಲಿಲ್ಲ. ಕ್ಯಾಮೆರಾ ಹುಡುಗನೂ ನಿಲ್ಲಿಸಲಿಲ್ಲ. ಪಕ್ಕದ ಮನೆಯ ಮಗ್ಗ ಶುರುವಾಯಿತು, ಆ ಸದ್ದೂ ಶಾಟಿನಲ್ಲಿದೆ, ಅದನ್ನು ಎಡಿಟಿಂಗ್‌ನಲ್ಲಿ ಹಾಗೇ ಉಳಿಸಿಕೊಳ್ಳುತ್ತೇನೆ.

ಕಾಕಾ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಸಿಳ್ಳೆ ಹೊಡೆಯಲು ನನಗೆ ಬರುವುದಿಲ್ಲ, ನಮ್ಮ ಸೌಂಡ್ ಹುಡುಗ ಹೊಡೆದ.

ಇದರಿಂದ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಮುಂದಿನ ಚಿತ್ರ ಶ್ರೀಕೃಷ್ಣ ಪಾರಿಜಾತ ಅನ್ನುವ ಜಾನಪದ ಆಟದ ಮೇಲೆ ಮಾಡಬೇಕು. ಕುಲಗೋಡ ತಮ್ಮಣ್ಣನವರ ಕಾಲದಿಂದ ನಮ್ಮ ಸೀಮೆಯಲ್ಲಿ ಬೆಳೆದ ಆಟ, ನಟಿ ಕೌಜಲಗಿ ನಿಂಗಮ್ಮನವರ ಹೆಸರು ಇಂದಿಗೂ ಜನ ಹೇಳುವ ಆಟ. ಅದರಲ್ಲಿ ದೂತಿಗೂ ಭಾಗವತನಿಗೂ ನಡೆಯುವ ಮಾತಿನ ಜಟಾಪಟಿ ಇದೆಯಲ್ಲ, ಅಲ್ಲಿ ಅಭಿನಯ ದೊಡ್ಡದಾಗಿಯೇ ಇರಬೇಕು, ಸಣ್ಣ ಮಾಡಿದರೆ ಆಟ ಕೆಡುತ್ತದೆ. ಅಲ್ಲಿ ನಟರ ಬದಲು ಕ್ಯಾಮೆರಾವೇ ಹಿಂದೆ ಸರಿದು ಜನರ ನಡುವೆ ಕೂರಬೇಕು. ಎರಡು ಕ್ಯಾಮೆರಾ, ಒಂದು ದೂತಿಗೆ, ಒಂದು ನೋಡುವವರ ಮುಖಕ್ಕೆ. ರಾತ್ರಿಯಿಡೀ ನಡೆಯುವುದರಿಂದ ಬ್ಯಾಟರಿ ಲೆಕ್ಕ ಈಗಲೇ ಶುರು ಮಾಡಿದ್ದೇನೆ. ಬೇಸಿಗೆ ಜಾತ್ರೆಗಳ ಹೊತ್ತಿಗೆ ತಯಾರಿ ಆಗಬೇಕು. ಕಾಕಾ ಆಗಲೇ ಭಾಗವತನ ಪಾತ್ರ ತನಗೇ ಅಂದಿದ್ದಾರೆ.

ಅದಕ್ಕೂ ಮೊದಲು ಸೀನ್ 7ರದ್ದೇ ಒಂದು ತಲೆನೋವು ಬಾಕಿ ಇದೆ. ಬೆಳಕು ಹೋಗಿ, ದೂರದಿಂದ ಇಡೀ ಮಗ್ಗ ಕಾಣುವ ವೈಡ್ ಶಾಟ್ ಉಳಿದುಕೊಂಡಿತು. ನಿನ್ನೆ ಫೋನ್ ಮಾಡಿದರೆ ಮಾಲೀಕರು ಆ ಖಣ ನೇಯ್ದು ಮುಗಿಸಿದ್ದಾರೆ, ಈಗ ಮಗ್ಗದ ಮೇಲೆ ಇರುವುದು ಬೇರೆ ಬಣ್ಣ. ಕ್ಲೋಸಪ್‌ನಲ್ಲಿ ಕೆಂಪು, ವೈಡ್‌ನಲ್ಲಿ ಹಸಿರು ಆದರೆ ಹೇಗೆ? ಅವರ ದುಡಿಮೆ ನಿಲ್ಲಿಸಿ ಅನ್ನಲು ನನಗೆ ಮನಸ್ಸಿಲ್ಲ. ಬರುವ ವಾರ ಮತ್ತೆ ಕೆಂಪು ಹಾಸು ಏರಿಸುತ್ತಾರಂತೆ. ಎಳೆ ಕಡಿದಿರಬೇಕಲ್ಲ ಅಂತ ನಾನು ಹಿಂಜರಿಯುತ್ತ ಕೇಳಿದೆ. "ಒಂದು ನಾನ ಕಡದು ಕೊಡ್ತೀನಿ, ನಿಮ್ಮ ಕಾಕಾಗ ಈಗ ಕೂಡಸಾಕ ಬರ್ತೈತಲ್ಲ" ಅಂದರು.