ಘಾಟಿ ತಿರುವಿನ ಆ 11 ಮಿಲಿಮೀಟರ್

ಮನೆಯಲ್ಲಿ ಸಕಲೇಶಪುರ ಘಾಟಿಯ ಮಾದರಿ ರೈಲು ಕಟ್ಟುತ್ತಿದ್ದೇನೆ. ನಿನ್ನೆ ರಾತ್ರಿ ಎಂಟು ಎಲ್‌ಎಚ್‌ಬಿ (ರೈಲ್ವೆಯ ಹೊಸ ಬಗೆಯ) ಕೋಚ್‌ಗಳ ಗಾಡಿಯನ್ನು ಹಿಂದಕ್ಕೆ ತಳ್ಳಿಸಿದೆ. ಇಡೀ ತಿರುವು ದಾಟಿತು! ಇಪ್ಪತ್ತು ಸಲ ಓಡಿಸಿದರೂ ಒಂದು ಚಕ್ರವೂ ಹಳಿ ಬಿಡಲಿಲ್ಲ. ಮೂರು ವಾರದಿಂದ ಇದಕ್ಕೇ ಕಾಯುತ್ತಿದ್ದೆ.

ಬೋರ್ಡು, ವೈರಿಂಗ್ ಎಲ್ಲ ಮಾಮೂಲಿ, ಬಿಡಿ. ಕಾಡಿದ್ದು ಸಕಲೇಶಪುರ ಘಾಟಿಯ ತಿರುವು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿ ತಿರುವು 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಎಚ್‌ಒ ಸ್ಕೇಲಿಗೆ, ಅಂದರೆ 87ರಲ್ಲಿ ಒಂದು ಪಾಲಿಗೆ, ಇಳಿಸಿದರೂ ಅದು 2 ಮೀಟರ್. ನನ್ನ ಕೋಣೆಯಲ್ಲಿ ಹಿಡಿಸುವುದು 600 ಮಿ.ಮೀ. ಮಾತ್ರ, ಕೋಚ್ ಉದ್ದವೇ 270. ನೇರ ಹಳಿ ಮುಗಿಯುವ ಕಡೆ ಒಂದು ಕೋಚ್ ನೇರವಾಗಿರುತ್ತದೆ, ಪಕ್ಕದ್ದು ಆಗಲೇ ತಿರುಗಿರುತ್ತದೆ. ಎರಡನ್ನೂ ಜೋಡಿಸುವ ಕಪ್ಲರ್ ಅಡ್ಡಕ್ಕೆ ಒತ್ತಿ ಚಕ್ರವನ್ನೇ ಎತ್ತಿಬಿಡುತ್ತಿತ್ತು.

ಟ್ರಾನ್ಸಿಷನ್, ಅಂದರೆ ನೇರ ಹಳಿಯಿಂದ ತಿರುವಿನ ವೃತ್ತಕ್ಕೆ ನಿಧಾನಕ್ಕೆ ಬಗ್ಗುತ್ತಾ ಸೇರುವ ಹಳಿ, ಹಾಕಿರಲಿಲ್ಲ ಅಂತಲ್ಲ. 400 ಮಿ.ಮೀ. ಉದ್ದ, ನಮ್ಮ ರೈಲ್ವೆ ಬಳಸುವ ಕ್ಯೂಬಿಕ್ ಪ್ಯಾರಾಬೋಲಾನೇ. ನೇರ ಗೆರೆಯಿಂದ ಎಷ್ಟು ಮಿ.ಮೀ. ಪಕ್ಕಕ್ಕೆ ಸರಿಯಬೇಕು ಅಂತ ಲೆಕ್ಕ ಹಾಕಿ, 100ರಲ್ಲಿ 0.7, 200ರಲ್ಲಿ 5.6, 300ರಲ್ಲಿ 18.8, ಕೊನೆಗೆ 44.4 ಅಂತ ಗುರುತು ಹಾಕಿದ್ದೆ. ಆದರೆ ತುದಿ ವೃತ್ತವನ್ನು ಮುಟ್ಟಲೇ ಇಲ್ಲ, ಸುಮಾರು 10 ಮಿ.ಮೀ. ಒಳಗೆ ನಿಂತಿತು. ಫ್ಲೆಕ್ಸ್ ಟ್ರ್ಯಾಕ್ (ಬೇಕಾದಂತೆ ಬಗ್ಗುವ ಹಳಿ) ಅಲ್ವಾ, ಎಳೆದು ಸೇರಿಸಿದ್ದೆ. ಅಲ್ಲೊಂದು ಸೊಟ್ಟ ಉಳಿಯಿತು. ಕಣ್ಣಿಗೆ ಕಾಣದು, ಚಕ್ರಕ್ಕೆ ಸಿಗುತ್ತದೆ.

ಬಿಟ್ಟುಹೋಗಿದ್ದು ಶಿಫ್ಟ್. ವೃತ್ತವನ್ನೇ ಒಳಗೆ ಸರಿಸಬೇಕಿತ್ತು. ಎಷ್ಟು? ಟ್ರಾನ್ಸಿಷನ್ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿ: 1,60,000 ಭಾಗಿಸು 14,400, ಅಂದರೆ 11.1 ಮಿ.ಮೀ. ನಡುವಿನ 5.6 ನೋಡಿ, ಶಿಫ್ಟ್‌ನ ಸರಿಯಾಗಿ ಅರ್ಧ! ಟ್ರಾನ್ಸಿಷನ್‌ನ ಅರ್ಧ ಭಾಗ ನೇರ ಹಳಿಯ ಜಾಗದಲ್ಲಿ, ಇನ್ನರ್ಧ ವೃತ್ತದ ಜಾಗದಲ್ಲಿ. ಇದು ಹೊಳೆದಾಗ ಆದ ಖುಷಿ ಹೇಳತೀರದು.

ಹಳಿ ಕಿತ್ತು ಹೊಸದು ತರಿಸಿದೆ. ಐದರಲ್ಲಿ ಎರಡು ಮಡಚಿಕೊಂಡೇ ಬಂದವು, ತೆಳು ರಟ್ಟಿನ ಡಬ್ಬದಲ್ಲಿ. ಕೇಳಿದರೆ ಅಂಗಡಿಯವರು, "ಬಗ್ಗೋ ಹಳಿನೇ ಅಲ್ವಾ ಸಾರ್" ಅಂದರು. ಮೂರರಲ್ಲೇ ಮುಗಿಸಿದೆ.

ಘಾಟಿಯಲ್ಲಿ ಕಿಟಕಿ ಪಕ್ಕ ಕೂತವರಿಗೆ ಗೊತ್ತು: ಎಂಜಿನ್ ಕಾಣುವಷ್ಟು ಗಾಡಿ ತಿರುಗಿರುತ್ತದೆ, ಎಲ್ಲಿ ತಿರುಗಲು ಶುರುವಾಯಿತು ಅಂತ ಮೈಗೆ ತಿಳಿದಿರುವುದಿಲ್ಲ. ಹೊರ ಹಳಿಯೂ ಇದೇ ಉದ್ದದಲ್ಲಿ ನಿಧಾನಕ್ಕೆ ಏರುತ್ತದೆ. ಆ ಕ್ಯಾಂಟ್ ಇನ್ನೂ ಹಾಕಿಲ್ಲ. ಸ್ಲೀಪರ್ ಕೆಳಗೆ ಕಾಗದದ ಪಟ್ಟಿ ಒಂದೊಂದೇ ಜಾಸ್ತಿ ಮಾಡುತ್ತಾ ಹೋಗಬೇಕು.

ಆದರೆ ಮನಸ್ಸು ಆಗಲೇ ಯಡಕುಮರಿ ನಿಲ್ದಾಣದ ಮೇಲಿದೆ. ಆ ಘಾಟಿಯ 50ಕ್ಕೆ 1ರ ಏರು ತರಬೇಕೆಂದರೆ ನನ್ನ 3 ಮೀಟರ್ ಗೋಡೆಗೆ 60 ಮಿ.ಮೀ. ಬೇಕು. ಶನಿವಾರ ಪ್ಲೈವುಡ್ ಕೊಯ್ಯಿಸಿಕೊಂಡು ಬರುತ್ತೇನೆ.