ರೊಕ್ಕ ಅವರದು, ಕೋಡ್ ಯಾರದು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಗೆ) ನಾನು ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಯಾವ ಹೀಟ್‌ನಲ್ಲಿ (ಒಂದು ಸಲ ಕರಗಿಸಿದ ಲೋಹದಲ್ಲಿ) ಎಷ್ಟು ಕಾಸ್ಟಿಂಗ್, ಅಂದರೆ ಎರಕದ ಭಾಗ, ಬಂತು, ಎಷ್ಟು ರಿಜೆಕ್ಟ್ ಆಯ್ತು, ಯಾರಿಗೆ ಯಾವ ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಹೋಯ್ತು, ಇಂಥವೇ ಜಾಸ್ತಿ. ದರದ ಮಾತು ಬೇಗ ಮುಗಿಯುತ್ತದೆ. ಕೋಡ್ ಯಾರದು ಅನ್ನೋ ಮಾತು ಬಂದರೆ ಎಳೆಯುತ್ತದೆ.

"ರೊಕ್ಕಾ ನಾ ಕೊಡತೀನಿ ತಮ್ಮಾ. ಅಂದಮ್ಯಾಲ ಕೋಡೂ ನಂದ ಆತಲ್ಲಾ?" ಅಂತ ಮಾಲಕರೊಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಕಾನೂನು ಬೇರೆ ಹೇಳುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. 17ನೇ ಸೆಕ್ಷನ್ ಪ್ರಕಾರ ಬರೆದವರೇ ಅದರ ಮೊದಲ ಒಡೆಯರು. ಸಂಬಳದ ನೌಕರ ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಗೆ ಸೇರುತ್ತದೆ. ನಾನು ಅವರ ಮಸ್ಟರ್‌ನಲ್ಲಿಲ್ಲ, ಬಿಲ್ ಹಾಕಿ ಕೆಲಸ ಮಾಡುವವನು. ಹಕ್ಕು ಅವರಿಗೆ ಹೋಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ನಾನು ಬರೆದು ಸಹಿ ಮಾಡಿಕೊಡಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಾಗಾಗಿ ಸರಿಯಾದ ಕರಾರು ನನಗಿಂತ ಗಿರಾಕಿಗೇ ಹೆಚ್ಚು ಬೇಕು.

ಸೆಕ್ಷನ್ ನಂಬರುಗಳಿಂದ ಅವರಿಗೆ ಸಮಾಧಾನ ಆಗಲಿಲ್ಲ. ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ವಿಷಯ ಎತ್ತಿದೆ. ಫೌಂಡ್ರಿಯ ಗಿರಾಕಿ ದುಡ್ಡು ಕೊಟ್ಟು ಮಾಡಿಸಿದ ಪ್ಯಾಟರ್ನ್ ಫೌಂಡ್ರಿಯ ರ‍್ಯಾಕಿನಲ್ಲಿದ್ದರೂ ಗಿರಾಕಿಯದೇ, ಕೇಳಿದಾಗ ಕೊಡಬೇಕು. ಆದರೆ ಮರಳಿಗೆ ಎಷ್ಟು ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿಮಣ್ಣು), ಎಷ್ಟು ನೀರು, ಲೋಹ ಎಷ್ಟು ಬಿಸಿಯಲ್ಲಿ ಹೊಯ್ಯಬೇಕು ಅನ್ನೋ ಕಸುಬನ್ನು ಯಾವ ಮಾಲಕರೂ ಪ್ಯಾಟರ್ನ್ ಜೊತೆ ಕಟ್ಟಿಕೊಡುವುದಿಲ್ಲ ಅಲ್ವಾ? ಅವರು ನಕ್ಕು ಕರಾರು ಮತ್ತೆ ಕೈಗೆ ತಗೊಂಡರು.

ಅದರಲ್ಲಿ ಕೋಡನ್ನು ಎರಡು ಪಾಲು ಮಾಡಿದ್ದೇನೆ. ಅವರ ಹೀಟ್ ರಜಿಸ್ಟರ್, ರಿಜೆಕ್ಷನ್ ವರದಿ ಅವರಿಗಾಗಿಯೇ ಬರೆದದ್ದು. ಅದರ ಹಕ್ಕು ಕೊನೆಯ ಕಂತು ಬ್ಯಾಂಕಿಗೆ ಬಂದ ದಿನ ಪೂರ್ತಿ ಅವರದು. ಲಾಗಿನ್, ಬ್ಯಾಕಪ್, ಪ್ರಿಂಟ್ ತೆಗೆಯುವ ಭಾಗಗಳು ನಾನು ವರ್ಷಗಳಿಂದ ಕಟ್ಟಿಕೊಂಡು ಬಂದ ಲೈಬ್ರರಿ, ಅಂದರೆ ಬೇರೆ ಬೇರೆ ಕೆಲಸಗಳಲ್ಲಿ ಮತ್ತೆ ಮತ್ತೆ ಬಳಸುವ ಕೋಡ್. ಅದು ನನ್ನದೇ. ಅವರು ಎಷ್ಟು ಕಾಲ ಬೇಕಾದರೂ ಬಳಸಬಹುದು, ಬೇರೆಯವರಿಂದ ತಿದ್ದಿಸಬಹುದು, ಮಾರುವಂತಿಲ್ಲ. ಓಪನ್ ಸೋರ್ಸ್ ಭಾಗಗಳಿಗೆ, ಅಂದರೆ ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಕೋಡಿಗೆ, ಅವುಗಳದೇ ಲೈಸನ್ಸ್ ಇದೆ, ಅವುಗಳ ಹಕ್ಕನ್ನು ನಾನು ಯಾರಿಗೂ ಬರೆದುಕೊಡಲಾರೆ. ಡೇಟಾ ಮೊದಲ ದಿನದಿಂದ ಅವರದು. ನಾನು ಕೆಲಸ ನಿಲ್ಲಿಸಿದರೆ ಲೈಬ್ರರಿಯ ಸೋರ್ಸ್ (ಓದಿ ತಿದ್ದಬಹುದಾದ ಮೂಲ ಕೋಡ್) ತಮಗೆ ಸಿಗಬೇಕು ಅಂತ ಅವರು ಒಂದು ಸಾಲು ಸೇರಿಸಿದರು. ನ್ಯಾಯವಾದ ಮಾತು, ಒಪ್ಪಿದೆ.

ಇಷ್ಟು ಪಟ್ಟು ಹಿಡಿಯೋದು ಸುಮ್ನೆ ಅಲ್ಲ. ನಾನು ಒಂದು ಕಡೆ ಕೊಟ್ಟಿದ್ದ ಸ್ಟಾಕ್ ಪ್ರೋಗ್ರಾಂ ಇನ್ನೊಂದು ಕಾರ್ಖಾನೆಯಲ್ಲಿ ಬೇರೆ ಲೋಗೋ ಹೊತ್ತು ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಡೇಟಾಬೇಸ್ ತೆರೆದರೆ ಒಂದು ಟೇಬಲ್ಲಿಗೆ 'ಉದ್ರಿ' ಅಂತ ನಾನಿಟ್ಟ ಹೆಸರು ಹಾಗೇ ಇತ್ತು. ಹೊಟ್ಟೆ ಉರಿಯಿತು. ರಾತ್ರಿಗಳನ್ನು ಕೊಟ್ಟು ಬರೆದದ್ದು ಅದು. ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್) ತಾರೀಖು ಸಮೇತ ಇದ್ದ ಇತಿಹಾಸವನ್ನು ಪ್ರಿಂಟ್ ತೆಗೆದು ಮುಂದಿಟ್ಟ ಮೇಲೆ ಲೈಸನ್ಸ್ ದುಡ್ಡು ಬಂತು. ಅದಕ್ಕೇ ಕೋಡನ್ನು ದಿನಾ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿಡಿ ಅಂತ ಕಿರಿಯರಿಗೆ ಹೇಳುತ್ತಲೇ ಇರುತ್ತೇನೆ.

ದುಡ್ಡು ಬಾಕಿ ಇದ್ದರೆ ದೂರದಿಂದಲೇ ಸಾಫ್ಟ್‌ವೇರ್ ಬಂದ್ ಮಾಡುವ ಗುಟ್ಟಿನ ಲಾಕ್ ಇಡೋಣ ಅನ್ನುವ ಗೆಳೆಯರಿದ್ದಾರೆ. ನನಗೆ ಖಂಡಿತ ಒಪ್ಪಿಗೆಯಿಲ್ಲ. ಚಲನ್ ನಿಂತರೆ ಲಾರಿ ನಿಲ್ಲುತ್ತದೆ. ಕೂಲಿಯವರ ಪಗಾರಕ್ಕೂ ಪೆಟ್ಟು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಬಳಕೆಗೆ ಅಡ್ಡಿ ಮಾಡಿದರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ನಷ್ಟ ಕಟ್ಟಿಕೊಡಬೇಕಾದವರು ನಾವೇ. ಅದರ ಬದಲು ಕಂತು ಕಂತಾಗಿ ದುಡ್ಡು ತಗೊಂಡು, ಸೋರ್ಸ್ ಕೊನೆಗೆ ಕೊಡಿ.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಆದರೂ ಜಗಳ ಬಂದಾಗ ರಜಿಸ್ಟರಿನ ನಮೂದು ಸಾಕ್ಷಿಯಾಗುತ್ತದೆ. ಶುಲ್ಕ 500 ರೂಪಾಯಿ. 2021ರ ತಿದ್ದುಪಡಿಯ ನಂತರ ಸೋರ್ಸ್ ಕೋಡಿನ ಮೊದಲ 10, ಕೊನೆಯ 10 ಪುಟ ಕೊಟ್ಟರೆ ಸಾಕು, ಆದರೆ ಯಾವ ಸಾಲನ್ನೂ ಮಸಿ ಬಳಿದು ಮುಚ್ಚುವಂತಿಲ್ಲ. ಪಾಸ್‌ವರ್ಡ್ ಅಥವಾ ಕೀ ಆ ಪುಟಗಳಲ್ಲಿದ್ದರೆ ಮೊದಲೇ ಕೋಡಿನಿಂದ ಹೊರಗೆ ತೆಗೆದಿಡಿ.